ದೊಡ್ಡಮ್ಮನ ರೂಮಿನ ತೇವ

ಟೈಲ್ಸ್ ಮೇಸ್ತ್ರಿ ಆ ಯಂತ್ರವನ್ನು ಕೊಂಡದ್ದು ಸಿಟ್ಟಿನಿಂದ. ಹೊಸ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನೆಲಕ್ಕೆ ಟೈಲ್ಸ್ ಕೂರಿಸಲು ಹೋಗಿದ್ದಾಗ, ಅಲ್ಲಿನ ಇಂಜಿನಿಯರಮ್ಮ ಚೀಲದಿಂದ ಟಿವಿ ರಿಮೋಟಿನಂಥ ಒಂದು ವಸ್ತು ತೆಗೆದು, ಅದರ ತಲೆಯ ಮೇಲಿದ್ದ ಎರಡು ಸೂಜಿಗಳನ್ನು ನೆಲಕ್ಕೆ ಒತ್ತಿ, "ಒಳಗಿನ್ನೂ ಹಸಿ ಇದೆ ಮೇಸ್ತ್ರೀ, ಎರಡು ವಾರ ಬಿಟ್ಟು ಬನ್ನಿ" ಎಂದಿದ್ದರು. ಇಪ್ಪತ್ತೆರಡು ವರ್ಷ ನೆಲ ನೋಡಿ ಪಳಗಿದ ಕಣ್ಣು ಅವನದು. ಆ ಕಣ್ಣಿಗೆ ನೆಲ ಒಣಗಿದ ಹಾಗೇ ಕಂಡಿತ್ತು. "ನೆಲದ ಜಾತಕ ನೋಡೋಕೂ ಒಂದು ಡಬ್ಬಿ ಬಂತಾ" ಎಂದು ಗೊಣಗಿಕೊಂಡೇ ಮನೆಗೆ ಬಂದ. ಆದರೆ ಎರಡು ವಾರದ ನಂತರ ಹೋಗಿ ನೋಡಿದಾಗ, ಮೊದಲು ತಿಳಿಬೂದಿ ಅನ್ನಿಸಿದ್ದ ನೆಲ ಈಗ ಒಣಗಿ ಮತ್ತಷ್ಟು ಬಿಳಿಯಾಗಿತ್ತು. ಇಂಜಿನಿಯರಮ್ಮ ಹೇಳಿದ್ದೇ ಸರಿ. ಅದು ಇನ್ನಷ್ಟು ಕುಟುಕಿತು. ಆ ಶನಿವಾರವೇ ಹಾರ್ಡ್‌ವೇರ್ ಅಂಗಡಿಯಿಂದ ಅಂಥದೇ ಒಂದನ್ನು ತಂದುಬಿಟ್ಟ.

ಮರುದಿನ ಬೆಳಿಗ್ಗೆ ಅದು ಅವನ ಕೈಯಲ್ಲಿದ್ದದ್ದಕ್ಕಿಂತ ಮಗಳ ಕೈಯಲ್ಲಿದ್ದದ್ದೇ ಹೆಚ್ಚು. ಹನ್ನೊಂದು ವರ್ಷದ ಆ ಹುಡುಗಿಯನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ತೇವದ ಅಂಕಿ ಹತ್ತರ ಒಳಗಿದ್ದರೆ ಹಸಿರು ದೀಪ, ಇಪ್ಪತ್ತು ದಾಟಿದರೆ ಕೆಂಪು ದೀಪ, ಜೊತೆಗೆ ಕಿರ್ರೆನ್ನುವ ಸದ್ದು. ಇಷ್ಟನ್ನು ಕಲಿತ ಪುಟ್ಟಿ ಮನೆಯನ್ನೆಲ್ಲ ಚುಚ್ಚಿ ನೋಡತೊಡಗಿದಳು.

"ಬಾಗಿಲು ಎಂಟು! ಮೇಜು ಒಂಬತ್ತು! ಅಪ್ಪಾ, ಬ್ರೆಡ್ಡು ಇಪ್ಪತ್ತಾರು!"

"ತಿನ್ನೋ ಪದಾರ್ಥಕ್ಕೆ ಚುಚ್ಚಬೇಡ ಕಣೇ" ಎಂದು ಅಡುಗೆಮನೆಯಿಂದ ತಾಯಿ ಕೂಗಿದಳು. "ನಿಮ್ಮಪ್ಪ ಅದನ್ನ ಇನ್ನು ಯಾವ್ಯಾವ ಬಚ್ಚಲಿಗೆ ಚುಚ್ತಾರೋ!"

"ಅಮ್ಮ, ನಿನ್ನ ತಲೆಗೂದಲು ನೋಡ್ಲಾ?"

"ಈಗ ತಾನೇ ಸ್ನಾನ ಮಾಡಿ ಬಂದಿದ್ದೀನಿ. ಒದ್ದೆ ತಲೇನ ಒದ್ದೆ ಅಂತ ಹೇಳೋಕೆ ಯಂತ್ರ ಬೇರೆ ಬೇಕಾ?"

ಮೂವರೂ ನಕ್ಕರು. ಆ ನಗುವಿನಲ್ಲೇ ಮೇಸ್ತ್ರಿಗೆ ಸಣ್ಣ ರೂಮಿನ ನೆನಪಾಯಿತು. ಹಿಂಭಾಗದ ಆ ರೂಮನ್ನು ಪುಟ್ಟಿಗೆ ಓದುವ ಕೋಣೆ ಮಾಡಿಕೊಡಬೇಕೆಂದು ಎಷ್ಟೋ ದಿನದಿಂದ ಮಾತಾಗಿತ್ತು. ಬಣ್ಣ ಹೊಡೆಯುವ ಮೊದಲು ಗೋಡೆ ನೋಡಿದರೆ ಆಯಿತು, ಯಂತ್ರಕ್ಕೂ ಒಂದು ಕೆಲಸ ಸಿಕ್ಕಿತು ಎಂದುಕೊಂಡು ಮಗಳನ್ನು ಕರೆದುಕೊಂಡು ಹೋಗಿ ಬಾಗಿಲು ತೆಗೆದ. ಒಳಗೆ ಅವನ ಕೆಲಸದ ಟೈಲ್ಸ್ ಪೆಟ್ಟಿಗೆಗಳಿದ್ದವು. ಫಿನಾಯಿಲಿನ ವಾಸನೆಯಿತ್ತು. ಅದರ ಕೆಳಗೆ ಇನ್ನೊಂದು ವಾಸನೆ ಇತ್ತು.

ಪುಟ್ಟಿ ಕಿಟಕಿಯ ಗೋಡೆಯಿಂದ ಶುರುಮಾಡಿದಳು. ಎಂಟು. ಬಾಗಿಲ ಪಕ್ಕ ಒಂಬತ್ತು. ಬಚ್ಚಲುಮನೆಗೆ ಅಂಟಿಕೊಂಡ ಗೋಡೆಯ ಬಳಿ ಕುಕ್ಕರುಗಾಲಲ್ಲಿ ಕೂತು, ಮೊಣಕಾಲೆತ್ತರಕ್ಕೆ ಹಾಕಿದ್ದ ಟೈಲ್ಸ್‌ನ ಸಂದಿಗೆ ಸೂಜಿ ಒತ್ತಿದ ತಕ್ಷಣ ಯಂತ್ರ ಕಿರ್ರೆಂದು ಕಿರುಚಿತು. ಮೂವತ್ತನಾಲ್ಕು.

"ಕೊಡಿಲ್ಲಿ. ಒದ್ದೆ ಕೈಯಲ್ಲಿ ಹಿಡ್ಕೊಂಡಿದ್ದೀಯ" ಎಂದು ಅವನೇ ತೆಗೆದುಕೊಂಡ. ಸೂಜಿಗಳನ್ನು ಅಂಗಿಗೆ ಒರೆಸಿ ಮತ್ತೆ ಒತ್ತಿದ. ಮೂವತ್ತಾರು. ಒಂದು ಗೇಣು ಪಕ್ಕಕ್ಕೆ, ಮೂವತ್ತೆಂಟು. ಟೈಲ್ಸ್ ಮುಗಿದು ಬಣ್ಣ ಶುರುವಾಗುವಲ್ಲಿ ಇಪ್ಪತ್ತೆರಡು. ಎದೆಯೆತ್ತರದಲ್ಲಿ ಒಂಬತ್ತು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲಿನಿಂದ ಗೋಡೆಯ ಮೇಲೆ ಗುರುತು ಹಾಕುತ್ತ ಹೋದ. ಗುರುತುಗಳನ್ನು ಸೇರಿಸಿದಾಗ ನೆಲದಿಂದ ಎದ್ದ ಒಂದು ಗುಡ್ಡದ ಆಕಾರ ಮೂಡಿತು. ಗುಡ್ಡದ ನಡುಭಾಗ, ಒಂದು ಕಾಲದಲ್ಲಿ ಮಂಚ ಇದ್ದ ಜಾಗಕ್ಕೆ ಸರಿಯಾಗಿ ಇತ್ತು.

"ಏನ್ರೀ ಅದು, ಹಾಗೆ ಕಿರುಚ್ತಾ ಇರೋದು?" ಎಂದು ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಬಂದಳು. ಪುಟ್ಟಿ ಗೋಡೆಯನ್ನೂ ಅಪ್ಪನನ್ನೂ ನೋಡಿದಳು.

"ಅಪ್ಪಾ, ಅಜ್ಜಿ ಊರಿಗೆ ಹೋಗಿ ಒಂಬತ್ತು ತಿಂಗಳಾಯ್ತಲ್ಲ. ಮತ್ತೆ ಇನ್ನೂ ಯಾಕೆ ಒದ್ದೆ ಇದೆ?"

ಪುಟ್ಟಿ ಅಜ್ಜಿ ಎನ್ನುತ್ತಿದ್ದದ್ದು ಮೇಸ್ತ್ರಿಯ ದೊಡ್ಡಮ್ಮನನ್ನು. ಅವನಿಗೆ ಆರು ವರ್ಷವಾಗಿದ್ದಾಗ ಹೆತ್ತ ತಾಯಿ ತೀರಿಕೊಂಡಳು. ತಂದೆ ಬೇರೆ ಸಂಸಾರ ಹೂಡಿ ದೂರವಾದ. ಮದುವೆಯಾಗದೆ ಉಳಿದಿದ್ದ ತಾಯಿಯ ಅಕ್ಕ ಅವನನ್ನು ಕರೆದುಕೊಂಡು ಬಂದು ಸಾಕಿದಳು. ಹೋಟೆಲು, ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳಿಗೆ ಇಸ್ತ್ರಿಯ ಕೆಲಸ. ಮೂವತ್ತೊಂದು ವರ್ಷ ಒಂದೇ ಮೇಜಿನ ಮುಂದೆ ನಿಂತವಳು. ಬಟ್ಟೆಗೆ ಹಿಂಗೈ ತಾಗಿಸಿ "ಇದಕ್ಕಿನ್ನೂ ಅರ್ಧ ಗಂಟೆ ಬಿಸಿಲು ಬೇಕು" ಎಂದರೆ ಮುಗಿಯಿತು, ಲಾಂಡ್ರಿಯ ಮಾಲೀಕನೂ ಎದುರಾಡುತ್ತಿರಲಿಲ್ಲ. ಬಾಯಿ ಮಾತ್ರ ಬಲು ಜೋರು. ಮೇಸ್ತ್ರಿ ಚಿಕ್ಕವನಿದ್ದಾಗ ತಿಂದ ಬೈಗುಳಗಳನ್ನು ಪೇರಿಸಿದ್ದರೆ ಒಂದು ಮಹಡಿ ಏಳುತ್ತಿತ್ತು.

ಅವನಿಗೆ ಮದುವೆಯಾಯಿತು, ಸಣ್ಣದೊಂದು ಮನೆಯಾಯಿತು. ಹಿಂದಿನ ರೂಮು ದೊಡ್ಡಮ್ಮನದಾಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿಗೂ ದೊಡ್ಡಮ್ಮನಿಗೂ ಆಗಾಗ ಮಾತಿಗೆ ಮಾತು ಬೆಳೆಯುತ್ತಿದ್ದರೂ ಅದು ಸಂಜೆಯ ಚಹಾದ ಹೊತ್ತಿಗೆ ಕರಗುವಂಥದ್ದು. ಎರಡು ವರ್ಷದ ಹಿಂದೆ ಅವನು ಮನೆಯ ಬಚ್ಚಲು ಒಡೆದು, ತಾನೇ ಹೊಸ ಟೈಲ್ಸ್ ಹಾಕಿದ. ಮಿಕ್ಕ ಟೈಲ್ಸನ್ನು ದೊಡ್ಡಮ್ಮನ ರೂಮಿನ ಗೋಡೆಯ ಬುಡಕ್ಕೂ ಕೂರಿಸಿದ. "ಅರಮನೆ ಮಾಡಿಬಿಟ್ಟೆಯಲ್ಲೋ" ಎಂದು ಅವಳು ಬಂದವರಿಗೆಲ್ಲ ತೋರಿಸಿದಳು.

ಆರೇಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಹಾಸಿಗೆ ಕೊಡವಲು ಹೋದಾಗ ಗೋಡೆಯ ಕಡೆಯ ಅಂಚು ಒದ್ದೆಯಾಗಿತ್ತು. ನಾಲ್ಕು ದಿನ ಬಿಟ್ಟು ಮತ್ತೆ. ಮಂಚದ ಕೆಳಗೆ ಸಣ್ಣಗೆ ನೀರು ನಿಂತಿತ್ತು. ವಾಸನೆಯೂ ಇತ್ತು, ಮೂತ್ರದ್ದೇ, ಬೇರೆ ಯಾವುದೂ ಅಲ್ಲ ಎನ್ನುವಂಥ ವಾಸನೆ. ಹೆಂಡತಿ ಮೊದಮೊದಲು ಏನೂ ಅನ್ನದೆ ಬಟ್ಟೆ ಬದಲಿಸಿದಳು. ಒಂದು ತಿಂಗಳು ಕಳೆದ ಮೇಲೆ ಗಂಡನಿಗೆ ಹೇಳಿದಳು, "ನಾನು ಹೇಳಿದ್ರೆ ಸರಿ ಹೋಗಲ್ಲ. ನೀವೇ ಮೆತ್ತಗೆ ಹೇಳಿ."

ಅವನು ಮೆತ್ತಗೇ ಹೇಳಿದ. "ವಯಸ್ಸಾದ ಮೇಲೆ ಎಲ್ಲರಿಗೂ ಆಗೋದೇ ದೊಡ್ಡಮ್ಮ. ನಾಚಿಕೆ ಪಡೋಂಥದ್ದು ಏನೂ ಇಲ್ಲ."

ದೊಡ್ಡಮ್ಮ ತಕ್ಷಣ ಅವನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಅವಳು ಬೈಯಲಿಲ್ಲ. "ಗೋಡೆ ಕಡೆ ತಣ್ಣಗಿರತ್ತೆ ಕಣೋ. ಕೈಯಿಟ್ರೆ ಗೊತ್ತಾಗತ್ತೆ. ಗೋಡೇಲಿ ಏನೋ ಇದೆ, ಒಂದ್ಸಲ ನೋಡು" ಎಂದಳು.

"ಟೈಲ್ಸ್ ತಣ್ಣಗಿರದೆ ಬಿಸಿ ಇರತ್ತಾ ದೊಡ್ಡಮ್ಮ?" ಎಂದು ನಕ್ಕುಬಿಟ್ಟ. ಅವನ ಕೆಲಸದ ಗೋಡೆ ಅದು. ಅದರಲ್ಲಿ ಏನಿರುತ್ತದೆ?

ಇನ್ನೂ ಒಂದೆರಡು ಸಲ ಅವಳು ಗೋಡೆಯ ಮಾತೆತ್ತಿದಳು. ಆಮೇಲೆ ಎತ್ತಲಿಲ್ಲ. ಹೆಂಡತಿ ಅಂಗಡಿಯಿಂದ ರಬ್ಬರ್ ಹಾಸು ತಂದಳು, ಆಮೇಲೆ ದೊಡ್ಡವರ ಡೈಪರಿನ ಕಟ್ಟು ತಂದಳು. ಸಂಜೆಯ ಚಹಾ ಬೇಡ, ಅದರಿಂದಲೇ ಹೆಚ್ಚಾಗುವುದು ಎಂದಳು. ದೊಡ್ಡಮ್ಮ ಎಲ್ಲದಕ್ಕೂ "ಆಯ್ತಮ್ಮ" ಎಂದಳು. ಮನೆಯಲ್ಲಿ ಜೋರು ಬಾಯಿ ಇಲ್ಲದಾಯಿತು. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ವಯಸ್ಸಾಯಿತು, ಮೆತ್ತಗಾದಳು ಎಂದುಕೊಂಡರು.

ಕೊನೆಗೆ ಒಂದು ದಿನ ಪುಟ್ಟಿಯ ಸಹಪಾಠಿಗಳು ಮನೆಗೆ ಬಂದಿದ್ದರು. ಕಣ್ಣಾಮುಚ್ಚಾಲೆ ಆಡುತ್ತ ಒಬ್ಬಳು ಹಿಂದಿನ ರೂಮಿನ ಕಡೆ ಓಡಿದಾಗ ಪುಟ್ಟಿ, "ಅಲ್ಲಿ ಹೋಗ್ಬೇಡ್ವೇ, ಅಜ್ಜಿ ರೂಮು ವಾಸನೆ" ಎಂದು ಮೂಗು ಮುಚ್ಚಿ ತೋರಿಸಿದಳು. ದೊಡ್ಡಮ್ಮ ಬಾಗಿಲ ಹಿಂದೆಯೇ ಇದ್ದಳು. ಮರುದಿನ ಬೆಳಿಗ್ಗೆ, ತಮ್ಮನ ಮಗಳು ಬಹಳ ದಿನದಿಂದ ಕರೆಯುತ್ತಿದ್ದಾಳೆ, ಸ್ವಲ್ಪ ದಿನ ಅಲ್ಲಿದ್ದು ಬರುತ್ತೇನೆ ಎಂದಳು. ಮೇಸ್ತ್ರಿಯೇ ಬಸ್ಸು ಹತ್ತಿಸಿ ಬಂದ. ಹಿಂದಿರುಗುವಾಗ ಎದೆಯ ಮೇಲಿನ ಭಾರ ಇಳಿದಂತಾಗಿತ್ತು. ಈಗ ಗೋಡೆಯ ಮುಂದೆ ನಿಂತಾಗ ಅವನನ್ನು ಎಲ್ಲಕ್ಕಿಂತ ಹೆಚ್ಚು ಇರಿದದ್ದು ಆ ಹಗುರವಾದ ಗಳಿಗೆಯ ನೆನಪೇ.

ಅವಳು ಹೋದ ಮೇಲೂ ವಾಸನೆ ಹೋಗಿರಲಿಲ್ಲ. ಹಾಸಿಗೆ ಎಸೆದರು, ಮಂಚ ಬಿಚ್ಚಿಟ್ಟರು, ವಾರಕ್ಕೊಂದು ಸಲ ಫಿನಾಯಿಲು ಸುರಿದರು. "ನೆಲಕ್ಕೇ ಇಳಿದುಬಿಟ್ಟಿದೆ" ಎಂದುಕೊಂಡು ಬಾಗಿಲು ಮುಚ್ಚಿದ್ದರು. ಮನೆಯಲ್ಲೇ ಇಲ್ಲದವಳ ಮೇಲೂ ಒಂಬತ್ತು ತಿಂಗಳು ತಪ್ಪು ಹೊರಿಸುತ್ತಲೇ ಇದ್ದರು.

ಆ ಭಾನುವಾರ ಊಟದ ಹೊತ್ತಿಗೆ ಮೇಸ್ತ್ರಿ ಬಚ್ಚಲಿನ ಮೂಲೆಯ ನಾಲ್ಕು ಟೈಲ್ಸ್ ಒಡೆದಿದ್ದ. ಕೊಳಕು ನೀರು ಹೋಗುವ ಪೈಪು ಅಲ್ಲಿ ಗೋಡೆಯ ಬುಡದಲ್ಲೇ ತಿರುಗುತ್ತಿತ್ತು. ತಿರುವಿನ ಜೋಡಣೆಯಿಂದ ಹನಿ ಜಿನುಗಿ, ಇಟ್ಟಿಗೆ ಕಪ್ಪಾಗಿ, ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಜೋಡಣೆಯನ್ನು ಬಿಚ್ಚಿ ನೋಡಿದ. ನೀರು ಸೋರದಂತೆ ಒಳಗೆ ಇರಬೇಕಾದ ರಬ್ಬರ್ ರಿಂಗು ಇರಲಿಲ್ಲ. ರಿಂಗಿನ ಜಾಗದಲ್ಲಿ ಸಿಮೆಂಟು ಮೆತ್ತಲಾಗಿತ್ತು, ಅದು ಬಿರುಕು ಬಿಟ್ಟಿತ್ತು.

ಯಾರು ಮೆತ್ತಿದ್ದು ಎಂದು ಯೋಚಿಸಬೇಕಾಗಿರಲಿಲ್ಲ. ಅದೂ ಒಂದು ಭಾನುವಾರ, ಅಂಗಡಿ ಮುಚ್ಚಿತ್ತು. ಪ್ಲಂಬರನ್ನು ಕರೆಯುವುದು ಯಾಕೆ, ನಾಳೆ ರಿಂಗು ತಂದು ಹಾಕಿದರಾಯಿತು ಎಂದುಕೊಂಡು ಅಲ್ಲಿಯವರೆಗೆ ಇರಲಿ ಅಂತ ಸಿಮೆಂಟು ಹಾಕಿದ್ದ. ನಾಳೆ ಬೇರೆ ಕೆಲಸ ಬಂತು. ಟೈಲ್ಸ್ ಮುಚ್ಚಿತು. ಬೇರೆಯವರ ಮನೆಯಲ್ಲಿ ಯಾವ ಪ್ಲಂಬರನಾದರೂ ಹಾಗೆ ಮಾಡಿದ್ದರೆ ಅವನ ಏಳು ಜನ್ಮ ಜಾಲಾಡುತ್ತಿದ್ದ.

ಹೆಂಡತಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತುಬಿಟ್ಟಳು.

"ಚಹಾ ನಿಲ್ಸಿದ್ದು ನಾನು" ಎಂದಳು.

"ಪೈಪು ಹಾಕಿದ್ದು ನಾನು."

"ಫೋನ್ ಮಾಡಿ ಹೇಳ್ರೀ. ಈಗ್ಲೇ ಹೇಳ್ರೀ."

"ಫೋನಲ್ಲಿ ಹೇಳೋ ಮಾತಾ ಇದು?" ಎಂದ ಮೇಸ್ತ್ರಿ.

ಅಂದು ರಾತ್ರಿಯೇ ಪರಿಚಯದ ಪ್ಲಂಬರನಿಂದ ರಿಂಗು ತಂದು ಹಾಕಿದ. ಸೋಮವಾರ ಕೆಲಸಕ್ಕೆ ಹೋಗದೆ ಬೆಳಗಿನ ಮೊದಲ ಬಸ್ಸು ಹಿಡಿದ. ಮೂರು ಗಂಟೆಯ ದಾರಿ. ಹೇಗೆ ಶುರುಮಾಡುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ. ಒಂದು ವಾಕ್ಯವೂ ನೆಟ್ಟಗೆ ನಿಲ್ಲಲಿಲ್ಲ. ತೋರಿಸಬೇಕಾಗಬಹುದೆಂದು ಯಂತ್ರವನ್ನೂ ಜೇಬಿನಲ್ಲಿ ಹಾಕಿಕೊಂಡಿದ್ದ.

ದೊಡ್ಡಮ್ಮನ ತಮ್ಮನ ಮಗಳು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎದ್ದು ಬಂದು, ಅದನ್ನು ತೆಗೆದು, "ಏನ್ ಭಾವ, ಹೇಳದೆ ಕೇಳದೆ!" ಎಂದಳು. ಅವನ ಮುಖ ನೋಡಿ ದನಿ ತಗ್ಗಿಸಿದಳು. "ಅತ್ತೆ ಹಿತ್ತಲಲ್ಲಿ ಬಟ್ಟೆ ಮಡಿಸ್ತಿದ್ದಾರೆ. ಬನ್ನಿ, ಮೊದ್ಲು ಕೂತ್ಕೊಳ್ಳಿ."

ಅವನು ನಿಂತೇ ಎಲ್ಲವನ್ನೂ ಹೇಳಿದ. ಪೈಪು, ರಿಂಗು, ಗೋಡೆ. ಅವಳು ಕೈಯಲ್ಲಿದ್ದ ಗುಂಡುಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಇಲ್ಲಿಗೆ ಬಂದ ಮೇಲೆ ಒಂದು ದಿನಾನೂ ಹಾಸಿಗೆ ಒದ್ದೆ ಆಗಿಲ್ಲ ಭಾವ. ಬಟ್ಟೆ ಒಗೆಯೋಳು ನಾನು, ನಂಗೆ ಗೊತ್ತಾಗಲ್ವಾ? ಆದ್ರೂ ಸಂಜೆ ನಾಲ್ಕರ ಮೇಲೆ ಒಂದು ತೊಟ್ಟು ನೀರು ಮುಟ್ಟಲ್ಲ. ಎಷ್ಟು ಹೇಳಿದ್ರೂ ಕೇಳಲ್ಲ. ಹೋದ ತಿಂಗಳು ಚಳಿಜ್ವರ ಬಂದು ಆಸ್ಪತ್ರೇಲಿ ನಾಲ್ಕು ದಿನ ಇಟ್ಕೊಂಡಿದ್ರು. ನೀರು ಕುಡೀದೇ ಸೋಂಕಾಗಿದೆ ಅಂತ ಡಾಕ್ಟ್ರು ಬೈದ್ರು. ನಿಮಗೆ ಹೇಳ್ಬೇಡ ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡ್ರು."

ಮೇಸ್ತ್ರಿ ಗೋಡೆಗೆ ಒರಗಿದ.

"ಭಾವ, ಕೋಪ ಮಾಡ್ಕೋಬೇಡಿ. ನೀವು ಒಂದ್ಸಲಾನಾದ್ರೂ ಆ ಗೋಡೆ ಮುಟ್ಟಿ ನೋಡ್ಲಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ.

ಹಿತ್ತಲಲ್ಲಿ ದೊಡ್ಡಮ್ಮ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು. ಮೊದಲಿಗಿಂತ ಅರ್ಧಕ್ಕರ್ಧ ಇಳಿದಿದ್ದಳು. ಅವನನ್ನು ಕಂಡು, "ಬಂದ್ಯಾ? ಊಟ ಮಾಡಿದ್ಯಾ? ಪುಟ್ಟಿ ಹೇಗಿದ್ದಾಳೆ?" ಎಂದು ಕೇಳುತ್ತಲೇ ಪಕ್ಕದಲ್ಲಿ ಜಾಗ ಮಾಡಿದಳು. ಅವನು ಕೂರಲಿಲ್ಲ. ದಾರಿಯಲ್ಲಿ ಜೋಡಿಸಿದ್ದ ಮಾತೆಲ್ಲ ಬಿಟ್ಟು, "ದೊಡ್ಡಮ್ಮ, ಅದು ನೀನಲ್ಲ. ಗೋಡೆ" ಎಂದ.

ಅವಳಿಗೆ ಮೊದಲು ತಿಳಿಯಲಿಲ್ಲ. ಅವನು ಬಿಡಿಸಿ ಹೇಳಿದ. ಕೇಳುತ್ತ ಅವಳ ಕೈ ಬಟ್ಟೆಯನ್ನು ಮಡಿಸುತ್ತಲೇ ಇತ್ತು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

"ಇಲ್ಲ ದೊಡ್ಡಮ್ಮ. ನೋಡು, ಈ ಯಂತ್ರ..." ಎಂದು ಜೇಬಿಗೆ ಕೈಹಾಕಿದ.

"ಅದನ್ನ ಒಳಗಿಡು. ನಂಗ್ಯಾಕೆ ಅದು?" ಎಂದಳು. ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ಬೆಳಿಗ್ಗೆ ಎದ್ದ ತಕ್ಷಣ ಉಟ್ಟ ಬಟ್ಟೆ ಮುಟ್ಟಿ ನೋಡ್ಕೋತಿದ್ದೆ ಕಣೋ. ಒಣಗಿರ್ತಿತ್ತು. ಬಟ್ಟೆ ಒಣಗಿದೆ, ಹಾಸಿಗೆ ಒದ್ದೆ. ಇದು ಹೇಗಪ್ಪಾ ಅನ್ಕೋತಿದ್ದೆ. ಆಮೇಲೆ ಅನ್ಕೊಂಡೆ, ವಯಸ್ಸಾಯ್ತು, ಕೈಯೂ ಸುಳ್ಳು ಹೇಳತ್ತೆ ಅಂತ. ನೀನು ಹೇಳಿದೆಯಲ್ಲ. ನೀನು ಯಾಕೆ ಸುಳ್ಳು ಹೇಳ್ತೀಯ?"

ಮೇಸ್ತ್ರಿ ಅವಳ ಕಾಲ ಬಳಿ ನೆಲದಲ್ಲಿ ಕೂತ. ಬೈಯಲಿ ಎಂದು ಕಾದ. ಚಿಕ್ಕಂದಿನಲ್ಲಿ ಒಂದು ಪೆನ್ಸಿಲು ಕಳೆದುಕೊಂಡು ಬಂದರೆ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದವಳು, ಈಗ "ರಿಂಗು ಹಾಕಿದ್ಯಾ ಈಗ?" ಎಂದು ಮಾತ್ರ ಕೇಳಿದಳು.

"ಹಾಕಿದೆ."

"ಒಳ್ಳೇದಾಯ್ತು ಬಿಡು. ಗೋಡೆ ಕುಸಿದು ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

"ಮನೆಗೆ ಬಾ ದೊಡ್ಡಮ್ಮ. ಇವತ್ತೇ ಹೋಗೋಣ."

ಅವಳು ತಲೆಯಾಡಿಸಿದಳು. ಆ ತಲೆಯಾಟದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನು ಕಾಲು ಹಿಡಿದಾದರೂ ಕರೆದುಕೊಂಡು ಹೋಗುತ್ತಿದ್ದನೇನೋ. "ಬರಲ್ಲ ಕಣೋ. ಆ ರೂಮಲ್ಲಿ ನಂಗಿನ್ನು ಕಣ್ಣು ಹತ್ತಲ್ಲ. ಇಲ್ಲಿ ಇವಳಿಗೆ ಗುಂಡಿ ಹಚ್ಚಿಕೊಡ್ತೀನಿ, ಇಸ್ತ್ರಿ ಮಾಡಿಕೊಡ್ತೀನಿ. ದಿನ ಹೋಗತ್ತೆ. ಇಲ್ಲೇ ಇರ್ತೀನಿ."

ಸಂಜೆಯ ಬಸ್ಸಿಗೆ ಅವನೊಬ್ಬನೇ ಹಿಂದಿರುಗಿದ.

ಮುಂದಿನ ವಾರ ಹೆಂಡತಿ ಅಂಗಡಿಗೆ ರಜೆ ಹಾಕಿ, ಪುಟ್ಟಿಯನ್ನೂ ಕರೆದುಕೊಂಡು ತಾನೇ ಹೋದಳು. ಮೂರು ದಿನ ಅಲ್ಲಿದ್ದಳು. ಇಬ್ಬರು ಹೆಂಗಸರ ನಡುವೆ ಏನು ಮಾತಾಯಿತೋ ಅವಳು ಹೇಳಲಿಲ್ಲ. ಪುಟ್ಟಿ ಹೇಳಿದ್ದಿಷ್ಟು: "ಅಮ್ಮ ಅತ್ತಳು. ಅಜ್ಜಿ ಅಳಲಿಲ್ಲ. ನಾನು ಸಾರಿ ಅಂದೆ, ಅಜ್ಜಿ ನನ್ನ ಜಡೆ ಹೆಣೆದ್ರು." ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಅವನಿಗಾಗಲಿಲ್ಲ. ಹೆಂಡತಿ ಚೀಲ ಕೆಳಗಿಟ್ಟು, "ಅವರು ಬರಲ್ಲ ರೀ. ಇನ್ಮೇಲೆ ಕರೀಬೇಡಿ, ಕರೆದ್ರೆ ಅವರಿಗೆ ಕಷ್ಟ ಆಗತ್ತೆ" ಎಂದಳು. "ಸಂಜೆ ಚಹಾ ಕುಡಿಸಿದೆ. ಅರ್ಧ ಲೋಟ ಕುಡಿದ್ರು."

ಗೋಡೆ ಒಣಗಲು ಏಳು ವಾರ ಹಿಡಿಯಿತು. ಮೇಸ್ತ್ರಿ ಪ್ರತಿದಿನ ಕೆಲಸದಿಂದ ಬಂದು ಸೂಜಿ ಒತ್ತಿ ನೋಡುತ್ತಿದ್ದ. ಮೂವತ್ತು, ಇಪ್ಪತ್ತೇಳು, ಹತ್ತೊಂಬತ್ತು. ಕೊನೆಗೆ ಒಂಬತ್ತಕ್ಕೆ ನಿಂತು ಹಸಿರು ದೀಪ ಹತ್ತಿದ ದಿನ ಅವನಿಗೆ ಸಂತೋಷವೇನೂ ಆಗಲಿಲ್ಲ. ಬಣ್ಣ ಹೊಡೆದ. ಪುಟ್ಟಿ ಮಾತ್ರ ಅಲ್ಲಿ ಓದಲು ಒಪ್ಪಲಿಲ್ಲ. ಊಟದ ಮೇಜೇ ಸಾಕು ಎಂದಳು. ಯಾರೂ ಬಲವಂತ ಮಾಡಲಿಲ್ಲ.

ಅಂದಿನಿಂದ ತಿಂಗಳಿಗೊಂದು ಭಾನುವಾರ ಅವನು ದೊಡ್ಡಮ್ಮನನ್ನು ನೋಡಲು ಹೋಗುತ್ತಾನೆ. ಅವಳು ಸ್ವಲ್ಪ ಚೇತರಿಸಿಕೊಂಡಿದ್ದಾಳೆ. ನೀರನ್ನೂ ಮೊದಲಿಗಿಂತ ಕುಡಿಯುತ್ತಾಳಂತೆ. ಅವನು ಹೋದರೆ ಊಟ ಬಡಿಸುತ್ತಾಳೆ, ಕೆಲಸ ಹೇಗೆ ನಡೆದಿದೆ ಎಂದು ಕೇಳುತ್ತಾಳೆ, ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೋ ಎನ್ನುತ್ತಾಳೆ. ಗೋಡೆಯ ಮಾತು ಮಾತ್ರ ಇಬ್ಬರ ನಡುವೆ ಮತ್ತೆ ಬಂದಿಲ್ಲ.

ಮೊನ್ನೆ ಹೋಗಿದ್ದಾಗ ಪಕ್ಕದ ಮನೆಯಾಕೆ ಹೊಲಿಯಲು ಕೊಟ್ಟ ಬಟ್ಟೆ ತೆಗೆದುಕೊಂಡು ಹೋಗಲು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮೇಸ್ತ್ರಿಯನ್ನು ನೋಡಿ, "ಇವರು ಯಾರಮ್ಮ?" ಎಂದು ಕೇಳಿದಳು.

"ನನ್ನ ತಂಗಿ ಮಗ" ಎಂದಳು ದೊಡ್ಡಮ್ಮ. "ಟೈಲ್ಸ್ ಕೆಲಸ ಮಾಡ್ತಾನೆ. ಬಹಳ ಅಚ್ಚುಕಟ್ಟು."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಪಕ್ಕದ ಮನೆಯಾಕೆಗೆ ಕೈಮುಗಿದ, ಊಟ ಮಾಡಿದ, ಸಂಜೆಯ ಬಸ್ಸು ಹಿಡಿದ. ಬಸ್ಸು ಅರ್ಧ ದಾರಿ ಸಾಗಿದ ಮೇಲೆ ಅವನಿಗೆ ಹೊಳೆಯಿತು: ಶಾಲೆಗೆ ಸೇರಿಸಿದ ದಿನದಿಂದ ಹಿಡಿದು ಲಾಂಡ್ರಿಯಲ್ಲಿ, ಆಸ್ಪತ್ರೆಯಲ್ಲಿ, ಮದುವೆಯ ಮನೆಯಲ್ಲಿ, ಯಾರು ಕೇಳಿದರೂ ಅವಳು ಇಷ್ಟು ವರ್ಷ "ನನ್ನ ಮಗ" ಎಂದೇ ಹೇಳುತ್ತಿದ್ದಳು.